ಗುಣ ಇದೆ, ಆದರೆ

ಓಡುತ್ತಿದ್ದ ಅಚ್ಚಿನ ಮಿಷನ್ನಿನ ಪಕ್ಕದಲ್ಲೇ ನಿಂತು ಊಟ ಮುಗಿಸಿದ ಮಿಷನ್ ಮಾಮ, ಅಂಗೈಯಲ್ಲಿದ್ದ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುವ ಬದಲು ಮತ್ತೆ ಕಾಗದದಲ್ಲಿ ಮಡಚಿಟ್ಟ. “ಇವತ್ತಿಗೆ ಇದರ ಋಣ ತೀರಿತು,” ಎಂದ.

ಪಕ್ಕದ ಮೇಜಿನಲ್ಲಿ ಕರಡು ತಿದ್ದುತ್ತಿದ್ದ ಮಗಳು ತಲೆಯೆತ್ತಿದಳು. “ಯಾಕಪ್ಪಾ?”

“ಯಾಕೆ ಅಂತ ನೀನು ಕೇಳ್ತೀಯಾ? ಓದಿ ಸಹಿ ಹಾಕಿದೋಳು ನೀನೇ!” ಅವನು ಮಿಷನ್ನಿನಿಂದ ಆಗಷ್ಟೇ ಬಿದ್ದ, ಶಾಯಿ ಆರದ ಹಾಳೆಯೊಂದನ್ನು ಎಳೆದು ಅವಳ ಮುಂದೆ ಹಿಡಿದ. ಗ್ರೀನ್ ಟೀ ಪೆಟ್ಟಿಗೆಯ ಅಚ್ಚು. ಎಲೆಯ ಚಿತ್ರದ ಕೆಳಗಿದ್ದ ಸಾಲನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ: “‘ಸಕ್ಕರೆ ಕಾಯಿಲೆಯನ್ನು ಗುಣಪಡಿಸುತ್ತದೆ.’ ನೋಡಿದ್ಯಾ? ನಿನ್ನೆ ಸಂಜೆಯೇ ಒಂದು ಪೊಟ್ಟಣ ತಂದಿಟ್ಟಿದ್ದೀನಿ. ಕಹಿ ಏನೋ ಇದೆ. ಔಷಧ ಅಂದ್ಮೇಲೆ ಕಹಿ ಇರಬೇಕಲ್ಲ.”

“ಅಪ್ಪಾ, ಅದನ್ನ ಬರೆದಿರೋದು ಟೀ ಮಾರೋರು.”

“ಬರೆದೋರು ಯಾರಾದ್ರೂ ಆಗ್ಲಿ, ಅಚ್ಚಾಗಿದೆಯಲ್ಲ! ಅಚ್ಚಾದದ್ದು ಸುಳ್ಳಾಗುತ್ತಾ?”

ಮೂವತ್ತು ವರ್ಷದಿಂದ ಶಾಯಿ ಮೆತ್ತಿಕೊಂಡ ಕೈ ಅವನದು. ಅಚ್ಚು ಹಾಕುವವನೇ ಅಚ್ಚನ್ನು ನಂಬದಿದ್ದರೆ ಇನ್ಯಾರು ನಂಬಬೇಕು? ಆದರೆ ಮಗಳ ಮುಖ ಸಪ್ಪಗಾಯಿತು. ಸಂಜೆ ಕಾಲೇಜಿನಲ್ಲಿ ಓದಿ ಈ ಮೇಜಿಗೆ ಬಂದವಳು ಅವಳು. ಜಾರಿಹೋದ ಒಂದು ಕೊಂಬನ್ನೂ ಬಿಡದೆ ಹಿಡಿಯುತ್ತಾಳೆಂದು ಪ್ರೆಸ್ಸಿನವರು ಅವಳಿಗೆ ಕೊಂಬಕ್ಕ ಎಂದೇ ಹೆಸರಿಟ್ಟಿದ್ದರು. ಈ ಸಾಲನ್ನೂ ಮೂರು ಸಲ ಓದಿದ್ದಳು. ಕೊಂಬು, ಒತ್ತು, ದೀರ್ಘ ಎಲ್ಲ ನೆಟ್ಟಗಿದ್ದವು. ‘ತಪ್ಪಿಲ್ಲ’ ಎಂದು ಬರೆದು ಸಹಿ ಹಾಕಿದ್ದಳು.

ಅವಳು ಎದ್ದು ಮಿಷನ್ನಿನ ಹತ್ತಿರ ಬಂದಳು. ಕೈ ಒಮ್ಮೆ ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ಕೆಂಪು ಗುಂಡಿಯನ್ನು ಒತ್ತಿಯೇಬಿಟ್ಟಳು. ಆ ಗುಂಡಿಯನ್ನು ಅಪ್ಪನಲ್ಲದೆ ಬೇರೆ ಯಾರೂ ಮುಟ್ಟಿದವರಿಲ್ಲ.

ಸದ್ದು ನಿಂತದ್ದೇ ತಡ, ಮಾಲೀಕರು ಗಾಜಿನ ಕೋಣೆಯಿಂದ ಓಡಿ ಬಂದರು. “ಅಕ್ಷರ ತಪ್ಪಿದೆಯೇನಮ್ಮಾ?”

“ಇಲ್ಲ ಸಾರ್.”

“ಬಣ್ಣ?”

“ಸರಿ ಇದೆ ಸಾರ್.”

“ಮತ್ಯಾಕೆ ನಿಲ್ಲಿಸ್ದೆ?”

“ಅರ್ಥ ತಪ್ಪಿದೆ.”

“ಅರ್ಥ ಗಿರಾಕಿದು, ಅಕ್ಷರ ನಮ್ದು! ಕೊಂಬಕ್ಕ ಅಂತ ಕರೆದಿದ್ದಕ್ಕೆ ನಿಜವಾಗ್ಲೂ ತಲೆ ಮೇಲೆ ಎರಡು ಬಂದ್ವಾ?”

ಮಿಷನ್ ಮಾಮ ಕೈ ಒರೆಸಿಕೊಳ್ಳುತ್ತಾ ನಡುವೆ ಬಂದ. “ಬಿಡಿ ಸಾರ್, ಚಿಕ್ಕೋಳು, ತಿಳೀದೆ...”

“ತಿಳಿದೇ ನಿಲ್ಲಿಸಿದ್ದು,” ಎಂದಳು ಮಗಳು. “ಇದನ್ನ ಓದಿ ನಮ್ಮಪ್ಪ ಮಾತ್ರೆ ಬಿಟ್ರು ಸಾರ್. ಅಚ್ಚು ಹಾಕಿದೋರೇ ಬಿಟ್ರೆ, ಅಂಗಡೀಲಿ ಕೊಂಡೋರ ಗತಿ ಏನು? ತಪ್ಪಿಲ್ಲ ಅಂತ ಬರೆದದ್ದು ನನ್ನ ತಪ್ಪು. ಆ ಸಹಿ ವಾಪಸ್ ತಗೋತೀನಿ.”

ಮಾಲೀಕರು ಫೋನ್ ಒತ್ತಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. “ಗಿರಾಕಿಗೆ ನೀನೇ ಹೇಳು. ಅವರು ಬೇರೆ ಪ್ರೆಸ್ಸಿಗೆ ಹೋದ್ರೆ ನಾಳೆಯಿಂದ ನೀನು ಬರೋದು ಬೇಡ.”

ಅವಳು ಹೇಳಿದಳು. ಟೀ ಕಂಪನಿಯವರು ಗುಡುಗಿದರು. “ಏನಮ್ಮಾ, ನಮ್ಮ ಟೀಲಿ ಗುಣ ಇಲ್ಲ ಅಂತೀಯಾ?”

“ಗುಣ ಇದೆ ಸಾರ್. ಹಾಲು ಸಕ್ಕರೆ ಸುರಿದು ದಿನಕ್ಕೆ ಐದು ಲೋಟ ಕುಡಿಯೋ ನಮ್ಮಪ್ಪ ಇದಕ್ಕೆ ಬಂದ್ರೆ ನಂಗೇ ಖುಷಿ. ಹೃದಯಕ್ಕೂ ಒಳ್ಳೇದು ಅಂತ ಓದಿದ್ದೀನಿ. ಆದ್ರೆ ಗುಣ ಇರೋದು ಬೇರೆ, ಗುಣಪಡಿಸೋದು ಬೇರೆ. ನಿಮ್ಮ ಮನೇಲಿ ಯಾರಿಗಾದ್ರೂ ಸಕ್ಕರೆ ಕಾಯಿಲೆ ಇದೆಯಾ ಸಾರ್?”

“ನಮ್ಮಮ್ಮಂಗಿದೆ.”

“ಅವರು ಈ ಟೀ ಕುಡೀತಾರಾ?”

“ದಿನಾ ಕುಡೀತಾರೆ!”

“ಮಾತ್ರೆ ಬಿಟ್ಟಿದ್ದಾರಾ?”

ಫೋನ್ ಕಟ್ಟಾಯಿತೇನೋ ಎಂದು ಮಾಲೀಕರು ಬಗ್ಗಿ ನೋಡಿದರು.

“ಬಿಡೋಕೆ ನಾನು ಬಿಡ್ತೀನಾ?” ಎಂದಿತು ದನಿ ಕೊನೆಗೆ, ಮೆತ್ತಗೆ. “ಸರಿ, ಏನು ಹಾಕ್ಬೇಕು ಹೇಳಮ್ಮಾ.”

ಅವಳು ಬರೆದುಕೊಳ್ಳುತ್ತಲೇ ಹೇಳಿದಳು: “ಸಕ್ಕರೆ ಇಲ್ಲದೆ ಕುಡಿಯಿರಿ, ಆರೋಗ್ಯಕ್ಕೆ ಒಳ್ಳೆಯದು. ವೈದ್ಯರು ಕೊಟ್ಟ ಮಾತ್ರೆ ಬಿಡಬೇಡಿ.”

ಕೆಟ್ಟ ಹಾಳೆಗಳ ರಾಶಿ ನೋಡಿ ಮಾಲೀಕರು ಗೊಣಗಿದರು. ನಾಳೆ ಬರಬೇಡ ಎಂದು ಮಾತ್ರ ಮತ್ತೆ ಹೇಳಲಿಲ್ಲ. ಹೊಸ ಸಾಲಿನ ಅಚ್ಚಿನ ಪ್ಲೇಟು ಬರುವಷ್ಟರಲ್ಲಿ ಮಿಷನ್ ಮಾಮ ಗೋಡೆ ಕಡೆ ತಿರುಗಿ ಮಾತ್ರೆ ನುಂಗಿ ನೀರು ಕುಡಿದ. ಆಮೇಲೆ ಪ್ಲೇಟು ಏರಿಸಿ, ಮೊದಲ ಹಾಳೆ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮಗಳ ಮೇಜಿನ ಮೇಲಿಟ್ಟ. ಅವಳು ಪೆನ್ಸಿಲ್ ತುದಿಯನ್ನು ಸಾಲಿನ ಕೆಳಗಿಟ್ಟು ನಿಧಾನವಾಗಿ ಸರಿಸತೊಡಗಿದಳು.

ಪೆಟ್ಟಿಗೆ ಒಯ್ಯಲು ಬಂದ ಲಾರಿಯವನು ಬಾಗಿಲಲ್ಲಿ ಇಣುಕಿದ. “ಇದೇನು ಮಾಮ, ಒಂದು ಪೆಟ್ಟಿಗೇನೂ ತಯಾರಿಲ್ಲ! ಮಿಷನ್ ಕೆಟ್ಟೋಯ್ತಾ?”

ಮಿಷನ್ ಮಾಮ ನೆಟ್ಟಗೆ ನಿಂತ. ಇಡೀ ಪ್ರೆಸ್ಸಿಗೆ ಕೇಳುವಂತೆ ಹೇಳಿದ:

“ಮಿಷನ್ನಿಗೆ ಏನೂ ಆಗಿಲ್ಲ ಕಣಪ್ಪಾ. ನನ್ನ ಮಗಳು ಓದ್ತಾ ಇದ್ದಾಳೆ. ಸುಮ್ನೆ ನಿಂತ್ಕೋ.”