ಹತ್ತೊಂಬತ್ತನೆಯ ಗಂಟು

ಏಳೂವರೆಯ ಬಸ್ಸು ಹೋಗಿ ಒಂದು ತಾಸಾದ ಮೇಲೆ ಪ್ರಥಮ ದಾಸನಕೊಪ್ಪದ ಸ್ಟಾಪಿನಲ್ಲಿ ಬೈಕು ನಿಲ್ಲಿಸಿದ. ಹೆಲ್ಮೆಟ್ಟು ತೆಗೆಯುವ ಮೊದಲೇ ಹಾಳೆ ತೆಗೆದು, ಆ ಬಸ್ಸಿಗೆ ಹನ್ನೊಂದು ಜನ ಹತ್ತಿದರೆಂದು ಬರೆದುಕೊಂಡ. ನಿನ್ನೆ ಹತ್ತು ಬರೆದಿದ್ದ. ಮೊನ್ನೆ ಹನ್ನೆರಡು. ದಿನಾ ಒಂದೇ ಅಂಕಿ ಬರೆದರೆ ಅನುಮಾನ ಬಂದೀತು ಎನ್ನುವಷ್ಟು ಬುದ್ಧಿ ಅವನಿಗಿತ್ತು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಂಚಿನ ಊರುಗಳಿಂದ ಜಿಲ್ಲೆಯ ಗಡಿ ದಾಟಿ ಎಷ್ಟು ಜನ ದುಡಿಯಲು ಹೋಗುತ್ತಾರೆ, ಯಾವುದರಲ್ಲಿ ಹೋಗುತ್ತಾರೆ ಎಂದು ಒಂದು ತಿಂಗಳು ನಿಂತು ಎಣಿಸುವುದು ಸಾರಿಗೆ ಆಫೀಸು ಅವನಿಗೆ ಕೊಟ್ಟ ಕೆಲಸ. ದಾಸನಕೊಪ್ಪದಲ್ಲಿ ದಿನಕ್ಕೆ ನಲವತ್ತು ಜನ ಸಿಗದಿದ್ದರೆ ಏಳೂವರೆಯ ಬಸ್ಸು ರದ್ದು. ಆದರೆ ಆಗಲಿ. ಪ್ರಥಮನ ಕಣ್ಣಿದ್ದದ್ದು ಎಣಿಕೆ ಮುಗಿದ ಮೇಲೆ ಶಿರಸಿ ಆಫೀಸಿನಲ್ಲಿ ಸಿಗಲಿರುವ ಕಾಯಂ ಕುರ್ಚಿಯ ಮೇಲೆ. ತೋಟದ ಮನೆಯವನು, ಡಿಗ್ರಿ ಮುಗಿಸಿದವನು. ಶುಂಠಿ ಕೀಳುವ ಹೆಂಗಸರ ತಲೆ ಎಣಿಸಲು ನಸುಕಿನಲ್ಲಿ ಏಳುವುದುಂಟೆ?

ಸ್ಟಾಪಿನ ಕಟ್ಟೆಯ ಮೇಲೆ ಎಂದಿನಂತೆ ಕೆರಿಯಪ್ಪ ಕೂತಿದ್ದ. ಎಪ್ಪತ್ತು ದಾಟಿದ ಮುದುಕ. ಹೆಗಲಿಗೆ ಕಂಬಳಿ, ಮಡಿಲಲ್ಲಿ ಹುಣಸೆ ಬೀಜ. ಬೈಕು ನಿಂತೊಡನೆ ಆ ಬೀಜಗಳ ಜೊತೆ ಒಂದು ಗಜ್ಜುಗ ಸೇರಿಸಿ, ಚಿಂದಿಯಲ್ಲಿ ಗಂಟು ಕಟ್ಟಿ, ಎದ್ದು ಮನೆಯ ದಾರಿ ಹಿಡಿಯುವುದು ಅವನ ರೂಢಿ.

“ಎಂತ ಅಜ್ಜ, ಅಳಗುಳಿ ಆಡೋಕೆ ಜೊತೆ ಯಾರೂ ಇಲ್ವಾ?”

“ನೀವು ಬರ್ತೀರಲ್ರಿ, ದಿನಾ.”

“ನಿಂಗೆ ಉದ್ಯೋಗ ಎಂತ?”

“ಕುಂದ್ರೂದು.”

ಪ್ರಥಮ ನಕ್ಕು, ಹಾಳೆಯ ಉದ್ಯೋಗದ ಮನೆಯಲ್ಲಿ ಸೊನ್ನೆ ಸುತ್ತಿದ.

“ದುಂಡಗ ಬರೀರಿ,” ಎಂದ ಮುದುಕ. “ಆಮ್ಯಾಲೆ ಅಳಸಾಕ ಬರಂಗಿಲ್ಲ.”

ಬಸ್ಸು ತಪ್ಪಿಸಿಕೊಂಡ ಮಂಜಿ ಬಾಡಿಗೆ ಜೀಪು ಟ್ರ್ಯಾಕ್ಸಿಗೆ ಕಾಯುತ್ತ ನಿಂತಿದ್ದಳು. ಪ್ರಥಮ ಅವಳತ್ತ ತಿರುಗಿದ.

“ನಿಂಗೆ ಕೆಲ್ಸ?”

“ಕೆಲ್ಸ ಎಲ್ಲೈತ್ರಿ ಸರ. ಶುಂಠಿ ಕೀಳಾಕ ಗಡಿ ಆಚೆ ಹೋಗ್ತೇನಿ, ಅಷ್ಟ. ಬಸ್ ನಿಂತ್ರ ಅದೂ ಇಲ್ಲ. ಟ್ರ್ಯಾಕ್ಸಿಗೆ ಕೊಟ್ಟು ಏನ್ ಉಳೀತದ?”

ಇಲ್ಲ ಅಂದಳಲ್ಲ, ಅವಳೇ. ಮತ್ತೊಂದು ಸೊನ್ನೆ.

“ಆ ಅಜ್ಜನ್ನ ಆಡಿಸಬ್ಯಾಡ್ರಿ,” ಎಂದಳು ಮಂಜಿ. “ನಲವತ್ತು ವರ್ಷ ಭತ್ತ ಅಳದಾನ. ಒಂದು ಕೊಳಗ ತಪ್ಪಿದ್ದಿಲ್ಲ.”

“ಈಗ ಗಾಳಿ ಅಳೀತಾನೆ,” ಎಂದು ಪ್ರಥಮ ಚಹಾದಂಗಡಿಗೆ ಹೋದ.

ತಿಂಗಳು ಮುಗಿಯಿತು. ಇಸ್ತ್ರಿ ಅಂಗಿ ತೊಟ್ಟು ಅವನು ಶಿರಸಿ ಆಫೀಸಿಗೆ ಹೋದರೆ, ಎಣಿಕೆಯ ಉಸ್ತುವಾರಿ ಹೊತ್ತ ವಿನೋದಾ ಮೇಡಂ ಎದುರಿನ ಕುರ್ಚಿಯಲ್ಲಿ ಕಂಬಳಿ ಸಮೇತ ಕೆರಿಯಪ್ಪ.

“ಬಸ್ಸಿಗೆ ಅರ್ಜಿ ಹಿಡ್ಕೊಂಡು ಇಲ್ಲಿಗೂ ಬಂದ್ಯಾ?” ಎಂದ ಪ್ರಥಮ.

ಮೇಡಂ ಹಾಳೆ ತಿರುವಿದರು. “ಹತ್ತೊಂಬತ್ತನೇ ತಾರೀಕು ಎಷ್ಟು ಜನ ಹತ್ತಿದ್ರು?”

“ಹನ್ನೆರಡು, ಮೇಡಂ. ನಾನೇ ನಿಂತು ಎಣಿಸಿದ್ದು.”

ಕೆರಿಯಪ್ಪ ಚೀಲದಿಂದ ಒಂದು ಹಗ್ಗ ಎಳೆದ. ಹಗ್ಗದುದ್ದಕ್ಕೂ ಚಿಂದಿಯ ಗಂಟುಗಳು, ದಿನಕ್ಕೊಂದರಂತೆ. ಮೇಡಂ ನಾಲ್ಕಾರು ಬಿಚ್ಚಿ ಎಣಿಸಿದರು. ಬಸ್ಸು ಹತ್ತಿದ ತಲೆಗೊಂದರಂತೆ, ಐವತ್ತು ಬೀಜಕ್ಕೆ ಕಡಿಮೆ ಯಾವುದರಲ್ಲೂ ಇರಲಿಲ್ಲ. ಹತ್ತೊಂಬತ್ತನೆಯದು ಮಾತ್ರ ಚಪ್ಪಟೆ. ಬಿಚ್ಚಿದರೆ ಒಂದೇ ಒಂದು ಗಜ್ಜುಗ ಮೇಜಿನ ಮೇಲೆ ಉರುಳಿತು.

“ಅವತ್ತು ಬಸ್ಸ ಬಂದಿಲ್ರಿ,” ಎಂದ ಕೆರಿಯಪ್ಪ. “ಬೈಕ್ ಒಂದ ಬಂದಿತ್ತು.”

“ಕೆಲ್ಸ ಇಲ್ದವನ ಮಾತು ಎಂತ ಕೇಳ್ತೀರಿ ಮೇಡಂ...”

“ಬಸ್ಸು ಇರ್ತದೆ,” ಎಂದರು ಮೇಡಂ, ಮುದುಕನಿಗೆ. ಆಮೇಲೆ ಆಫೀಸಿನ ಹಾಜರಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಪ್ರಥಮ ಸಹಿಗೆಂದು ಪೆನ್ನು ತೆಗೆದ.

“ನಿಮಗಲ್ಲ.”

ಕೆರಿಯಪ್ಪ ಹೆಬ್ಬೆರಳಿಗೆ ಶಾಯಿ ಮೆತ್ತಿಕೊಂಡ. ಅವನ ಹೆಸರಿನ ಮುಂದೆ, ಉದ್ಯೋಗದ ಮನೆಯಲ್ಲಿ, ತಿಂಗಳ ಮೊದಲ ದಿನವೇ ಮೇಡಂ ಕೈಯಕ್ಷರದಲ್ಲಿ ಬರೆದಿತ್ತು: ಎಣಿಸುವವನನ್ನು ಎಣಿಸುವವರು.