ನಲವತ್ತಮೂರನೇ ನಿಮಿಷ

“ಸಾರ್, ಐದು ಗಂಟೆಗೆ ಸೈಟ್ ಮುಚ್ಚಬೇಕು ಅಂತ ಆರ್ಡರ್ ಇದೆ. ಈಗಾಗ್ಲೇ ಐದೂ ಹತ್ತು.”

“ಇನ್ನೊಂದೈದು ನಿಮಿಷ ತಾಳಮ್ಮ.” ಸಾಹೇಬರು ಪರದೆಯಿಂದ ಕಣ್ಣು ಕೀಳಲಿಲ್ಲ.

ಸಹಾಯಕಿಗೆ ಕುಳಿತಲ್ಲಿ ಕೂರಲಾಗಲಿಲ್ಲ. ಕದ್ದ ಸಿನಿಮಾಗಳನ್ನು ಹಂಚುವ ಆ ವೆಬ್‌ಸೈಟನ್ನು ಹಿಡಿಯಲು ಕಚೇರಿ ಎರಡು ವರ್ಷ ಹೆಣಗಿತ್ತು. ಅದನ್ನು ಮುಚ್ಚುವ ಅಧಿಕಾರ ಸಾಹೇಬರೊಬ್ಬರಿಗೇ. ಅವರೋ ಬೆಳಗಿನಿಂದ ಒಂದಲ್ಲ ಒಂದು ನೆಪ ತೆಗೆಯುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮನುಷ್ಯ ಮಂಕಾಗಿದ್ದಾರೆಂದು ಉಳಿದವರು ಸುಮ್ಮನಿದ್ದರು. ಇವಳಿಗೆ ಮಾತ್ರ ಒಳಗೊಳಗೇ ಏನೋ ಕೊರೆಯುತ್ತಿತ್ತು.

ನೀರು ಕುಡಿಯುವ ನೆಪದಲ್ಲಿ ಅವರ ಹಿಂದೆ ಹೋಗಿ ಇಣುಕಿದಳು. ಸಾಹೇಬರು ಅದೇ ಸೈಟಿನಿಂದ ಸಿನಿಮಾ ಇಳಿಸಿಕೊಳ್ಳುತ್ತಿದ್ದರು! ಅದೂ ಮೂರು ವರ್ಷ ಹಳೆಯದು, ಥಿಯೇಟರಿನಲ್ಲಿ ಕದ್ದು ತೆಗೆದ ಓರೆಕೋರೆ ಪ್ರತಿ. ಒಳ್ಳೆಯ ಪ್ರತಿ ಟಿವಿಯಲ್ಲೇ ಹತ್ತು ಸಲ ಬಂದುಹೋಗಿತ್ತು. ಯಾವ ಸಿನಿಮಾಕ್ಕೆ ಹೋದರೂ ಅರ್ಧ ಗಂಟೆಗೆ ಗೊರಕೆ ಹೊಡೆಯುತ್ತಾರೆಂದು ಕಚೇರಿಯೇ ಆಡಿಕೊಳ್ಳುವ ಮನುಷ್ಯನಿಗೆ ಇದೆಂಥ ಹುಚ್ಚು?

ಥಿಯೇಟರಿಗೆ ಕಳಿಸುವ ಪ್ರತಿ ಪ್ರಿಂಟಿನಲ್ಲೂ ಕಣ್ಣಿಗೆ ಬೀಳದ ಚುಕ್ಕಿಗಳಿರುತ್ತವೆ. ಎಲ್ಲಿ, ಯಾವ ಆಟದಲ್ಲಿ ಕದ್ದದ್ದೆಂದು ಅವು ಬಾಯಿಬಿಡುತ್ತವೆ. ಅವಳು ತನ್ನ ಮೇಜಿಗೆ ಮರಳಿ, ಈ ಪ್ರತಿಯ ಚುಕ್ಕಿಗಳ ವಿವರವಿದ್ದ ಪಟ್ಟಿ ತೆರೆದಳು. ಇದೇ ಊರಿನ ಥಿಯೇಟರು. ಭಾನುವಾರ ಮಧ್ಯಾಹ್ನದ ಆಟ. ಕಳ್ಳ ಇನ್ನೂ ಸಿಕ್ಕಿಲ್ಲ.

ಸಾಹೇಬರ ಮೇಜಿನ ಗಾಜಿನಡಿ ದಿನಾ ಕಾಣುತ್ತಿದ್ದ ಎರಡು ಹರಿದ ಟಿಕೆಟುಗಳನ್ನು ಅವಳು ಇವತ್ತು ಮತ್ತೆ ಅಲ್ಲಿಗೆ ಹೋಗಿ ಬಗ್ಗಿ ಓದಿದಳು. ಅದೇ ಥಿಯೇಟರು, ಅದೇ ಆಟ.

“ಈ ಆಟಕ್ಕೆ ನೀವು ಹೋಗಿದ್ರಾ ಸಾರ್?” ಅವಳು ಟಿಕೆಟಿನ ಮೇಲೆ ಬೆರಳಿಟ್ಟಳು.

“ಹೋಗಿದ್ದೆ.”

“ಹಾಗಾದ್ರೆ... ನಾನು ಮೇಲಿನವರಿಗೆ ಹೇಳ್ಲೇಬೇಕಾಗತ್ತೆ.”

“ಹೇಳಮ್ಮ. ನಾನು ಮಾಡಿದ್ದು ತಪ್ಪೇ. ಹೋದ ತಿಂಗಳು ಪರಿಶೀಲನೆಗೆ ಅಂತ ಇದನ್ನ ನೋಡಿದ್ನಲ್ಲ, ಅವತ್ತಿಂದ ನಿದ್ದೆಯಿಲ್ಲ.”

ಸಿನಿಮಾ ಪೂರ್ತಿ ಇಳಿಯಿತು. ತಕ್ಷಣ ಸಾಹೇಬರು ಗುಂಡಿ ಒತ್ತಿದರು. ಸೈಟ್ ಸತ್ತಿತು. ಆಮೇಲೆ ಚಿತ್ರವನ್ನು ನಲವತ್ತಮೂರನೇ ನಿಮಿಷಕ್ಕೆ ಸರಿಸಿ, ಹೆಡ್‌ಫೋನ್ ಅವಳ ಕೈಗಿಟ್ಟರು. “ಮೊದಲು ಇದನ್ನ ಕೇಳು.”

ಪರದೆಯ ಮೇಲೆ ನಾಯಕ ಅಬ್ಬರಿಸುತ್ತಿದ್ದ. ಅವನ ಮಾತನ್ನು ಮುಳುಗಿಸುವಂತೆ, ಕತ್ತಲಲ್ಲಿ ಯಾರದೋ ಗೊರಕೆ. ಅದರ ಬೆನ್ನಿಗೇ ನಗು ತಡೆದುಕೊಂಡ ಹೆಣ್ಣು ದನಿ:

“ರೀ, ಎದ್ದೇಳ್ರೀ! ನಿಮ್ಮ ಗೊರಕೇಲಿ ಹೀರೋ ಮಾತೇ ಕೇಳಿಸ್ತಿಲ್ಲ.”