ಒರಗಿ ನಿಂತ ನೇರಳೆ

ಕಡಿದ ನೇರಳೆ ಮರ ನೆಲಕ್ಕೆ ಬೀಳಲಿಲ್ಲ. ಪಕ್ಕದ ಎಳೆಯ ಮಾವಿನ ಕವಲಿಗೆ ತಲೆಕೊಟ್ಟು ಅರ್ಧದಲ್ಲೇ ನಿಂತುಬಿಟ್ಟಿತು. ದೇವರಾಜ ಮೊಹಲ್ಲಾದ ಆ ಬೀದಿಗೆ ಹೊಸದಾಗಿ ಕರೆಂಟು ಕಂಬಗಳು ಬರುವುದಿತ್ತು; ಅದಕ್ಕೇ ಮರಗಳನ್ನು ಕಡಿಯುತ್ತಿದ್ದರು. ಬೆಳಗಿನಿಂದ ಗರಗಸ ಎಳೆದಿದ್ದ ಅಮಲದಾಸ್ ಮತ್ತು ನಿಂಗಯ್ಯ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಬ್ಬರ ತೋಳಲ್ಲೂ ತ್ರಾಣ ಉಳಿದಿರಲಿಲ್ಲ.

"ಅದ್ರ ಕೆಳಗೋಗಿ ಆ ಮಾವಿನ ಬುಡಕ್ಕೆ ನಾಲ್ಕೇಟು ಹಾಕ್ಬುಟ್ರೆ ಎರಡೂ ಬಿದ್ದೋಯ್ತವೆ. ಹೆಂಗೂ ಅದೂ ನಾಳೆ ಕಡಿಯೋ ಮರಾನೇ," ಎಂದ ನಿಂಗಯ್ಯ.

ಬೇಡವೆನ್ನಬೇಕೆಂದು ಅಮಲದಾಸ್‌ಗೆ ಗೊತ್ತಿತ್ತು. ವಾದಿಸುವ ಚೈತನ್ಯವಿರಲಿಲ್ಲ. "ನಿನ್ನಿಷ್ಟ," ಎಂದುಬಿಟ್ಟ.

ಬೀದಿಯ ತುದಿಯಲ್ಲಿ ನಿಂತು ಜಟಕಾಗಳನ್ನು ತಡೆಯುತ್ತಿದ್ದ ಅವನ ಹೆಂಡತಿ ಅಂತೋಣಿಯಮ್ಮನ ಕಿವಿಗೆ ಅದು ಬಿತ್ತು. ಕೂಗಿ ಕೂಗಿ ಅವಳ ಗಂಟಲು ಕಟ್ಟಿಹೋಗಿತ್ತು. ಇಂಥದೇ ಒರಗಿದ ಮರದಡಿ ಹೋದ ತನ್ನ ಅಪ್ಪನನ್ನು ಚಾಪೆಯಲ್ಲಿ ಸುತ್ತಿ ಮನೆಗೆ ತಂದಿದ್ದರು. ಅದನ್ನು ಎಷ್ಟು ಸಲ ಹೇಳುವುದು? ಬಂದವಳೇ ನೆಲದ ಮೇಲಿದ್ದ ಕೊಡಲಿಯ ಕಾವಿನ ಮೇಲೆ ಕೂತುಬಿಟ್ಟಳು.

"ಏಳಕ್ಕ, ಹೊತ್ತು ಮುಳುಗ್ತದೆ."

"ಮುಳುಗ್ಲಿ. ಎತ್ತು ತಂದು, ಬುಡಕ್ಕೆ ಹಗ್ಗ ಹಾಕಿ ದೂರದಿಂದ ಎಳೀರಿ."

"ಎತ್ತು ಬರೋದ್ಯಾವಾಗ, ಎಳೆಯೋದ್ಯಾವಾಗ? ಮೈಯೆಲ್ಲಾ ಸೋತೋಗದೆ ಕಣಕ್ಕ."

"ಅದಕ್ಕೇ ಹೇಳ್ತಿರೋದು ಕಣಪ್ಪ. ಸೋತ ಕಾಲು ಓಡಲ್ಲ."

ನಿಂಗಯ್ಯ ಗೊಣಗುತ್ತ ಸೌದೆ ಮಂಡಿಗೆ ಹೋದ. ಎತ್ತಿನ ಜೋಡಿ ಬಂದು ಎಳೆಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬುಡ ಹಿಂದಕ್ಕೆ ಜಾರಿದ್ದೇ ತಡ, ನೇರಳೆ ಮಾವನ್ನು ಸೀಳಿಕೊಂಡು ನೆಲಕ್ಕಪ್ಪಳಿಸಿತು. ಅಡಿಯಲ್ಲಿ ಯಾರೂ ಇರಲಿಲ್ಲ. ಧೂಳು ಅಡಗಿದ ಮೇಲೂ ಅಂತೋಣಿಯಮ್ಮ ಕೊಡಲಿಯ ಕಾವಿನ ಮೇಲೇ ಕೂತಿದ್ದಳು. ಅಮಲದಾಸ್ ಕೈ ಕೊಟ್ಟು ಎಬ್ಬಿಸಿದ.

ಎರಡೂ ಮನೆಗಳು ಒಂದೇ ಓಣಿಯಲ್ಲಿದ್ದವು. ನಿಂಗಯ್ಯನ ಹೆಂಡತಿ ಕೆಂಚಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಯಾಕಿಷ್ಟೊತ್ತು?"

"ಅಕ್ಕನ ಹಟ. ಗಳಿಗೆ ಕೆಲಸಕ್ಕೆ ಸಂಜೆ ಮಾಡುದ್ಲು," ಎನ್ನುತ್ತ ನಿಂಗಯ್ಯ ಒಳಗೆ ನಡೆದ.

"ಹಸ್ಕೊಂಡಿರೋರನ್ನ ಹಿಂಗಾ ಕಾಯ್ಸೋದು ಅಕ್ಕ? ಅಂಥದ್ದೇನಾಗೋಯ್ತಿತ್ತು?" ಎಂದು ಸಿಡುಕಿ ಕೆಂಚಮ್ಮನೂ ಒಳಗೆ ಹೋದಳು.

ಅಂತೋಣಿಯಮ್ಮ ತನ್ನ ಮನೆಯ ಜಗಲಿಯ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚಿದಳು. ಪಕ್ಕದ ಮನೆಯಲ್ಲಿ ತಟ್ಟೆಯ ಸದ್ದಾಯಿತು. ತುಸು ಹೊತ್ತಿಗೆ ನಿಂಗಯ್ಯನ ದನಿ ಕೇಳಿಸಿತು:

"ಇನ್ನೊಂದು ಮುದ್ದೆ ಹಾಕಮ್ಮಿ."